ಶಿಗ್ಲಿ ಸೀಮೆಯ ಸಹಜ ಬಣ್ಣಗಾರಿಕೆ

ಗಿಡದ ಎಲೆ, ಬೇರು, ಚಕ್ಕೆ, ಹೂವು, ಕಾಯಿ, ಅರಗು, ಮಣ್ಣು ಇವುಗಳಿಂದ ನೂಲಿಗೂ ಬಟ್ಟೆಗೂ ಚಿತ್ರಕ್ಕೂ ಬಣ್ಣ ಪಡೆಯುವ ವಿದ್ಯೆ ಸಹಜ ಬಣ್ಣಗಾರಿಕೆ. ಉತ್ತರ ಕರ್ನಾಟಕದಲ್ಲಿ ಇದು ನೇಕಾರರ ಊರುಗಳ ಆಸರೆಯಲ್ಲಿ ಬೆಳೆಯಿತು. ಗದಗ-ಬೆಟಗೇರಿ, ಗಜೇಂದ್ರಗಡ, ಇಳಕಲ್ಲು, ಗುಳೇದಗುಡ್ಡ, ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ ಇವೆಲ್ಲ ಆ ಸಾಲಿನ ಊರುಗಳು. ಮಗ್ಗದ ಸದ್ದು ಈ ಊರುಗಳಲ್ಲಿ ಇನ್ನೂ ನಿಂತಿಲ್ಲ. ಕುಣಿಮಗ್ಗದ ಜಾಗಕ್ಕೆ ಬಹುಪಾಲು ವಿದ್ಯುತ್ ಮಗ್ಗ ಬಂದಿದ್ದರೂ ಸೀರೆ ಹೊರಬರುತ್ತಲೇ ಇದೆ. ಆದರೆ ಆ ಸೀರೆಯ ನೂಲಿಗೆ ಊರಿನ ಗಿಡದಿಂದ ಬಣ್ಣ ಹಾಕುತ್ತಿದ್ದ ಕಸುಬು ನೂರು ವರ್ಷಗಳ ಹಿಂದೆಯೇ ಕಡಿದುಹೋಯಿತು. ನೇಯ್ಗೆ ಉಳಿದು ಬಣ್ಣಗಾರಿಕೆ ಅಳಿದದ್ದು ಈ ಸೀಮೆಯ ವಸ್ತ್ರಚರಿತ್ರೆಯ ದೊಡ್ಡ ಬಿರುಕು. ಇಂದಿನ ಕಲಾವಿದರೂ ವಿನ್ಯಾಸಕರೂ ಕರ್ನಾಟಕದ ಬೇರೆ ಬೇರೆ ಕಡೆಗಳಲ್ಲಿ ಕೆಲಸ ಮಾಡುತ್ತಿರುವುದು ಆ ಬಿರುಕಿನ ಮೇಲೆಯೇ.

ನೆಲ, ಗಿಡ, ನೀರು

ಶಿಗ್ಲಿಯ ಸುತ್ತಲಿನ ನೆಲದಲ್ಲಿ ಎರೆಯೂ ಇದೆ, ಮಸಾರಿಯೂ ಇದೆ. ಎರೆಯಲ್ಲಿ ಹತ್ತಿ, ಹಿಂಗಾರಿಗೆ ಜೋಳ, ಕಡಲೆ, ಕುಸುಬೆ. ಮುಂಡರಗಿ, ಶಿರಹಟ್ಟಿ, ಗದಗ ತಾಲ್ಲೂಕುಗಳ ನಡುವೆ ಹಬ್ಬಿದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅದರ ಹರವು ಸುಮಾರು 244 ಚದರ ಕಿಲೋಮೀಟರ್. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು ಬಣ್ಣದ ಕಣ್ಣಿನಿಂದ ನೋಡಿದವರು ಕಡಿಮೆ. ತಂಗಡಿಯ ತೊಗಟೆಯಲ್ಲಿ ಚೊಗರಿದೆ, ಅದು ಚರ್ಮ ಹದ ಮಾಡುವವರಿಗೂ ಬಣ್ಣಗಾರರಿಗೂ ಒದಗುತ್ತಿತ್ತು. ಕಬ್ಬಿಣದ ಅಂಶ ತುಂಬಿದ ಕೆಮ್ಮಣ್ಣು ಗೋಡೆಗೂ ನೆಲಕ್ಕೂ ಬಳಿಯುವ ಬಣ್ಣವಾಗಿತ್ತು.

ನೀರನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ಗದಗ ಜಿಲ್ಲೆಯ ಬಾವಿ, ಕೊಳವೆಬಾವಿಗಳ ನೀರು ಹಲವು ಕಡೆ ಗಡಸು, ಕೆಲವು ಕಡೆ ಸವಳು. ಕುಡಿಯಲು ಒಗ್ಗದ ಗಡಸು ನೀರು ಕೆಂಪು ಬಣ್ಣದ ಬೇರುಗಳಿಗೆ ಒಗ್ಗುತ್ತದೆ. ಬೇರಿನ ಕೆಂಪು ನೂಲಿನಲ್ಲಿ ಗಟ್ಟಿಯಾಗಿ ಕೂರಲು ಪಟಿಕದ ಜತೆಗೆ ಸುಣ್ಣದ ಅಂಶವೂ ಬೇಕು, ಗಡಸು ನೀರಿನಲ್ಲಿ ಅದು ತಾನಾಗಿಯೇ ಇರುತ್ತದೆ. ಒಂದೂರಿನ ಕೆಂಪು ಇನ್ನೊಂದೂರಿನಲ್ಲಿ ಅದೇ ಬೇರು ಹಾಕಿದರೂ ಬಾರದೇ ಇರುವುದಕ್ಕೆ ಮುಖ್ಯ ಕಾರಣ ನೀರು. ಹಳೆಯ ಬಣ್ಣಗಾರರ ಮನೆಗಳು ಬಾವಿ, ಹಳ್ಳಗಳ ಹತ್ತಿರ ಇರುತ್ತಿದ್ದದ್ದು ತೊಳೆಯುವ ಅನುಕೂಲಕ್ಕಷ್ಟೇ ಆಗಿರಲಿಕ್ಕಿಲ್ಲ.

ನೀಲಗಾರರ ಗುಡಾಣ

ಧಾರವಾಡ, ಗದಗ, ಬಾಗಲಕೋಟೆ ಸೀಮೆಯಲ್ಲಿ ನೀಲಿ ಹಾಕುವವರು ನೀಲಗಾರರು. ದೇವಾಂಗ, ಪದ್ಮಸಾಲಿ, ಪಟ್ಟಸಾಲಿ, ಕುರುಹಿನಶೆಟ್ಟಿ ಸಮುದಾಯಗಳು ನೇಯುತ್ತಿದ್ದವು. ನೀಲಿ ನೀಲಗಾರರದು, ಇತರ ಬಣ್ಣಗಳು ಬಣ್ಣಗಾರರವು, ರಂಗರೇಜರವು. ಆ ಹೆಸರುಗಳು ಇಂದಿಗೂ ಈ ಭಾಗದಲ್ಲಿ ಮನೆತನದ ಹೆಸರುಗಳಾಗಿ ಉಳಿದಿವೆ. ಮನೆಯ ಕಸುಬು ಮಾತ್ರ ಬೇರೆ.

ನೀಲಿಯ ವಿದ್ಯೆ ಬೇರೆ ಯಾವ ಬಣ್ಣದ ವಿದ್ಯೆಯಂತೆಯೂ ಅಲ್ಲ. ಅದರ ಗಿಡದ ಎಲೆ ಹಸಿರು, ಹಿಂಡಿದರೆ ಬರುವ ರಸವೂ ಹಸಿರು. ಹೂ ಬಿಡುವ ಹೊತ್ತಿಗೆ ಗಿಡ ಕೊಯ್ದು, ಸಿವುಡು ಕಟ್ಟಿ, ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಕಲ್ಲು ಹೇರುತ್ತಾರೆ. ರಾತ್ರಿಯೆಲ್ಲ ನೆನೆದ ಎಲೆಯ ಸತ್ವ ನೀರಿಗಿಳಿದು ಅದು ಹಳದಿ-ಹಸಿರಾಗುತ್ತದೆ. ಆ ನೀರನ್ನು ಬೇರೆ ತೊಟ್ಟಿಗೆ ಬಿಟ್ಟು ಗಾಳಿ ಬೆರೆಯುವಂತೆ ಬಡಿದಾಗ ನೀಲಿ ಕಣಗಳು ಮೂಡಿ ತಳಕ್ಕೆ ಕೂರುತ್ತವೆ. ಬಸಿದು, ಕಾಯಿಸಿ, ಹಿಂಡಿ ಒಣಗಿಸಿದರೆ ನೀಲಿಯ ಗಟ್ಟಿ ಬಿಲ್ಲೆ.

ಆದರೆ ಆ ಬಿಲ್ಲೆ ನೀರಿನಲ್ಲಿ ಕರಗದು, ಕರಗದ ಬಣ್ಣವನ್ನು ನೂಲು ಹೀರಿಕೊಳ್ಳದು. ಇಲ್ಲಿಂದ ನೀಲಗಾರನ ವಿದ್ಯೆ ಶುರು. ಅರ್ಧ ನೆಲದಲ್ಲಿ ಹೂತ ಗುಡಾಣಕ್ಕೆ ಅರೆದ ನೀಲಿ, ಸುಣ್ಣ, ಬೂದಿಯ ತಿಳಿ, ಬೇಯಿಸಿದ ತಗಚೆ ಬೀಜ ಸೇರಿಸಿ ಮುಚ್ಚಿಡುತ್ತಾರೆ. ರಸ್ತೆ ಬದಿಯಲ್ಲಿ ಕಳೆಯಾಗಿ ಬೆಳೆಯುವ ಅದೇ ತಗಚೆ. ಅದರ ಬೀಜದ ಅಂಟು ಸೂಕ್ಷ್ಮಜೀವಿಗಳಿಗೆ ಆಹಾರ. ಅವು ಹುಳಿಯುತ್ತ ಗುಡಾಣದೊಳಗಿನ ಆಮ್ಲಜನಕವನ್ನು ತೀರಿಸಿದಾಗ ನೀಲಿ ತನ್ನ ಬಣ್ಣ ಕಳೆದುಕೊಂಡು ಕರಗುತ್ತದೆ. ಮೇಲೆ ತಾಮ್ರದ ಹೊಳಪಿನ ಕೆನೆ, ನಡುವೆ ನೀಲಿ ನೊರೆ, ಕೆಳಗೆ ಹಳದಿ-ಹಸಿರು ದ್ರವ ಕಂಡರೆ ಗುಡಾಣ ಹದಕ್ಕೆ ಬಂದಂತೆ. ಸುಣ್ಣ ಹೆಚ್ಚಾದರೆ ಜೀವಿಗಳು ಸಾಯುತ್ತವೆ, ಕಡಿಮೆಯಾದರೆ ಗುಡಾಣ ಕೊಳೆತು ನಾರುತ್ತದೆ. ಚಳಿಗೆ ಅದು ಮಂಕಾಗುತ್ತದೆ. ಮೂಗು, ಬೆರಳು, ಒಮ್ಮೊಮ್ಮೆ ನಾಲಿಗೆ, ಇವೇ ನೀಲಗಾರನ ಅಳತೆಗೋಲು.

ನೆನೆಸಿ ಹಿಂಡಿದ ನೂಲಿನ ಲಡಿಯನ್ನು ಗುಳ್ಳೆ ಏಳದಂತೆ ಮೆಲ್ಲಗೆ ಇಳಿಸಿ, ಒಳಗೇ ಹಿಸುಕಿ ಮೇಲೆತ್ತಿದಾಗ ಅದು ಹಸಿರಾಗಿರುತ್ತದೆ. ಗಾಳಿಗೆ ಬಿಡಿಸಿ ಹಿಡಿದ ಕೂಡಲೇ ಅಂಚಿನಿಂದ ನೀಲಿ ಏರತೊಡಗಿ, ನಾಲ್ಕಾರು ನಿಮಿಷಗಳಲ್ಲಿ ಲಡಿಯೆಲ್ಲ ನೀಲಿ. ಒಂದು ಮುಳುಗಿಗೆ ತಿಳಿ ಆಕಾಶದ ಬಣ್ಣ. ಮತ್ತೆ ಮತ್ತೆ ಮುಳುಗಿಸಿದಷ್ಟೂ ಗಾಢ. ಚಂದ್ರಕಾಳಿ ಸೀರೆಯ ಕಪ್ಪು ಹೀಗೆ ನೀಲಿಯ ಮೇಲೆ ನೀಲಿ ಏರಿಸಿ ಪಡೆದದ್ದು. ಧಾರವಾಡದ ಕಡೆ ಮದುವಣಗಿತ್ತಿಗೆ ಕೊಡುವ, ಮೈತುಂಬ ಕಸೂತಿ ಹಾಕಿದ ಆ ಸೀರೆಯನ್ನು ಹಗಲು ಬೆಳಕಿಗೆ ಹಿಡಿದರೆ ಕಪ್ಪಿನೊಳಗೆ ನೀಲಿಯ ಆಳ ಕಾಣುತ್ತದೆ. ರಾಸಾಯನಿಕ ಕಪ್ಪಿನಲ್ಲಿ ಅದು ಇಲ್ಲ.

ಕೆಂಪಿನ ಮೂರು ದಾರಿ

ಹತ್ತಿಗೆ ಕೆಂಪು ಕೊಡುತ್ತಿದ್ದದ್ದು ಮಡ್ಡಿ ಬೇರು. ಈಗ ನೋನಿ ಎಂಬ ಹೆಸರಿನಲ್ಲಿ ಬಾಟಲಿಯಲ್ಲಿ ರಸವಾಗಿ ಮಾರಾಟವಾಗುವ ಗಿಡವೂ ಅದರ ದಾಯಾದಿಗಳೂ ಒಂದು ಕಾಲಕ್ಕೆ ದಖ್ಖನಿನ ಎರೆನೆಲದಲ್ಲಿ ಬೇರಿಗಾಗಿಯೇ ಬೆಳೆಯುತ್ತಿದ್ದ ಬೆಳೆ. ಬಿತ್ತಿ ಮೂರು ವರ್ಷ ಕಾದು, ಆಳಕ್ಕೆ ಅಗೆದು ಬೇರು ತೆಗೆಯಬೇಕು. ಎಳೆಯ ಸಣ್ಣ ಬೇರಿಗೇ ಬೆಲೆ, ದಪ್ಪ ಬೇರಿನಲ್ಲಿ ಬಣ್ಣ ಕಡಿಮೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಡ್ಡಿಯನ್ನೂ ಪೊಪ್ಪಳಿ ಚಕ್ಕೆಯನ್ನೂ ಬಣ್ಣಗಾರರ ಸಾಮಗ್ರಿಗಳಾಗಿ ದಾಖಲಿಸಿದ್ದಾನೆ. ಹತ್ತಿ ಈ ಕೆಂಪನ್ನು ಸುಲಭಕ್ಕೆ ಒಪ್ಪದು. ನೂಲನ್ನು ಎಣ್ಣೆ ಮತ್ತು ಬೂದಿಯ ತಿಳಿಯಲ್ಲಿ ದಿನಗಟ್ಟಲೆ ಅದ್ದಿ ಒಣಗಿಸಿ, ಅಳಲೆಕಾಯಿಯ ಚೊಗರು ಹಿಡಿಸಿ, ಪಟಿಕದ ನೀರಿಗೆ ಹಾಕಿ, ಕೊನೆಗೆ ಬೇರಿನ ಪುಡಿಯ ಜತೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಪಟಿಕದ ಬದಲು ಕಬ್ಬಿಣದ ನೀರು ಹಿಡಿಸಿದ್ದರೆ ಅದೇ ಬೇರು ಕೆಂಪಿನ ಬದಲು ನೇರಳೆಗಪ್ಪು ಕೊಡುತ್ತದೆ.

ರೇಷ್ಮೆಗೆ ಅರಗಿನ ಕೆಂಪು. ಅರಗಿನ ಹುಳು ಕೊಂಬೆಯ ಮೇಲೆ ಕಟ್ಟಿದ ಗಟ್ಟಿಯನ್ನು ಕುಟ್ಟಿ ತೊಳೆದರೆ ಬಣ್ಣ ನೀರಿಗಿಳಿಯುತ್ತದೆ. ರೇಷ್ಮೆ ಪ್ರಾಣಿಜನ್ಯ ಎಳೆಯಾದ್ದರಿಂದ ಅರಗಿನ ಕೆಂಪನ್ನು ಬಲುಬೇಗ ಹೀರುತ್ತದೆ. ಹತ್ತಿಗೆ ಅದು ಅಷ್ಟಾಗಿ ಅಂಟದು. ಇಳಕಲ್ಲು ಸೀರೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು, ಎರಡರ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಸೆರಗಿನ ತೋಪು-ತೆನೆಯ ಕೆಂಪು-ಬಿಳಿ ಹಲ್ಲುಗಳು, ಅಂಚಿನ ಚಿಕ್ಕಿ, ಗೋಮಿ, ಪರಾಸಪೇಟ ಎಂಬ ಬಗೆಗಳು ಸೌಂದರ್ಯದ ಆಯ್ಕೆಗಳು ಹೌದು. ಆದರೆ ಯಾವ ಎಳೆ ಯಾವ ಬಣ್ಣ ಹಿಡಿಯುತ್ತದೆ ಎಂಬ ಬಣ್ಣಗಾರರ ತಿಳಿವಳಿಕೆಯೂ ಈ ವಿನ್ಯಾಸದೊಳಗೆ ಕುಳಿತಿದೆ ಎಂದು ಧಾರಾಳವಾಗಿ ಹೇಳಬಹುದು. ಗಜೇಂದ್ರಗಡದ ಕಡೆಯ ಪಟ್ಟೇದ ಅಂಚು ಸೀರೆಯ ಅರಿಶಿನ, ಇಟ್ಟಿಗೆಗೆಂಪು ಚೌಕುಳಿಗಳೂ ಸವದತ್ತಿ ಎಲ್ಲಮ್ಮನ ಭಕ್ತರ ನಡುವೆ ಬೆಳೆದ ಇಂಥದೇ ವರ್ಣಪರಂಪರೆಗೆ ಸೇರಿದವು. ಅಳಿದೇಹೋಗಿದ್ದ ಈ ಸೀರೆಯನ್ನು ಇತ್ತೀಚೆಗೆ ಮತ್ತೆ ನೇಯಿಸಲಾಗುತ್ತಿದೆ.

ಮೂರನೆಯದು ಕುಸುಬೆ. ಶಿಗ್ಲಿ ಸೀಮೆಯ ಹಿಂಗಾರಿ ಹೊಲದಲ್ಲಿ ಜೋಳ, ಕಡಲೆಯ ಸುತ್ತ ಅಂಚಿಗೆ ಕುಸುಬೆ ಹಾಕುವ ರೂಢಿ. ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ. ಬೆಳೆಯುವುದು ಎಣ್ಣೆಗೆ. ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರ ಈ ಬೆಳೆಯ ತಳಿಗಳ ಮೇಲೆ ಬಹಳ ಕಾಲದಿಂದ ಕೆಲಸ ಮಾಡಿದೆ. ಆದರೆ ಅದರ ಕೇಸರಿ ಎಸಳಿನಲ್ಲಿ ಎರಡು ಬಣ್ಣಗಳಿವೆ. ತಣ್ಣೀರಿನಲ್ಲಿ ತುಳಿದು ತೊಳೆದರೆ ಹಳದಿ ಹೊರಟುಹೋಗುತ್ತದೆ. ಉಳಿದ ಎಸಳಿಗೆ ಬೂದಿಯ ಕ್ಷಾರ ಬೆರೆಸಿದರೆ ಕೆಂಪು ಕರಗಿ ಬರುತ್ತದೆ. ಆ ನೀರಿಗೆ ನಿಂಬೆಯ ಇಲ್ಲವೇ ಹುಣಸೆಯ ಹುಳಿ ಹಿಂಡಿದಾಗ ಅದು ತಿಳಿಗುಲಾಬಿಯಿಂದ ಕಡುಗೆಂಪಿನವರೆಗೆ ಬಟ್ಟೆಗೆ ಏರುತ್ತದೆ. ಪಟಿಕವೂ ಬೇಡ, ಒಲೆಯೂ ಬೇಡ. ಬಿಸಿ ತಾಗಿದರೆ ಕೆಡುತ್ತದೆ. ಬಿಸಿಲಿಗೂ ಒಗೆತಕ್ಕೂ ಬೇಗ ಮಾಸುವುದು ಇದರ ದೌರ್ಬಲ್ಯ. ಹಾಗಿದ್ದೂ ಪ್ರತಿ ಹಿಂಗಾರಿಗೆ ಊರ ಸುತ್ತ ಅರಳಿ ಹೊಲದಲ್ಲೇ ಒಣಗಿಹೋಗುವ ಈ ಎಸಳು ಶಿಗ್ಲಿಯಂಥ ನೇಕಾರರ ಊರಿನಲ್ಲಿ ಯಾವ ಕೆಲಸಕ್ಕೂ ಬಾರದಿರುವುದು ಬೇಸರದ ಸಂಗತಿ.

ಹಳದಿಗೆ ಅರಿಶಿನ, ಮುತ್ತುಗದ ಹೂವು, ದಾಳಿಂಬೆ ಸಿಪ್ಪೆ. ಅರಿಶಿನ ಬಿಸಿಲಿಗೆ ನಿಲ್ಲದು, ದಾಳಿಂಬೆ ನಿಲ್ಲುತ್ತದೆ. ಹಳದಿಯ ಮೇಲೆ ನೀಲಿ ಹಾಕಿದರೆ ಹಸಿರು. ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಹುಳಿಸಿದ ಕಷಾಯಕ್ಕೆ ಅಳಲೆಯ ಚೊಗರು ಕೂಡಿದರೆ ಕಪ್ಪು.

ಗೋಡೆ, ಮರ, ತೊಗಲು

ಬಟ್ಟೆಯ ಬಣ್ಣ ಎಳೆಯೊಳಗೆ ಇಳಿಯುತ್ತದೆ. ಚಿತ್ರದ ಬಣ್ಣ ಅಂಟಿನ ಆಸರೆಯಲ್ಲಿ ಮೇಲೆ ಕೂರುತ್ತದೆ. ಎರಡಕ್ಕೂ ಈ ನಾಡಿನಲ್ಲಿ ಹಳೆಯ ದಾಖಲೆಗಳಿವೆ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಮಣ್ಣು-ಖನಿಜಗಳ ಬಣ್ಣದ ಭಿತ್ತಿಚಿತ್ರದ ಅವಶೇಷ ಇನ್ನೂ ಇದೆ. ಲಕ್ಷ್ಮೇಶ್ವರ, ಲಕ್ಕುಂಡಿ, ಗದಗಗಳನ್ನು ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೋಡೆ ಹದಮಾಡುವ ಬಗೆ, ಎಮ್ಮೆಯ ತೊಗಲು ಕುದಿಸಿ ಮಾಡುವ ವಜ್ರಲೇಪವೆಂಬ ಅಂಟು, ಶಂಖದ ಬಿಳುಪು, ಜಾಜು, ಹರಿತಾಳ, ಕಾಡಿಗೆ ಎಲ್ಲದರ ವಿವರಗಳಿವೆ. ಅದರ ವಸ್ತ್ರೋಪಭೋಗ ಭಾಗ ಬಟ್ಟೆಗಳನ್ನೂ ಅವುಗಳ ಬಣ್ಣಗಳನ್ನೂ ಹೇಳುತ್ತದೆ. ಬಣ್ಣದ ಬಗ್ಗೆ ಇಷ್ಟು ಕಾಳಜಿಯಿಂದ ಬರೆದ ದೊರೆ ಈ ಸೀಮೆಯನ್ನು ಆಳಿದವನೆಂಬುದು ಇಲ್ಲಿನ ಶಾಲೆಯ ಮಕ್ಕಳಿಗೆ ತಿಳಿಯಬೇಕು.

ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೇಲೆ ಹುಣಸೆ ಬೀಜದ ಅಂಟಿನ ಲೇಪ ಹಾಕಿ ಬಣ್ಣ ಕೊಡುತ್ತಾರೆ. ತೊಗಲುಗೊಂಬೆಗಳ ಕೆಂಪು, ಕಪ್ಪು, ಹಸಿರು ಒಂದು ಕಾಲಕ್ಕೆ ಗಿಡಮೂಲದವು. ಎಂ.ಎಸ್. ನಂಜುಂಡರಾವ್ ಅವರು ನಾಡಿನ ಮೂಲೆಮೂಲೆಗಳಿಂದ ತೊಗಲುಗೊಂಬೆಗಳನ್ನು ಕೂಡಿಸಿ 1960ರಲ್ಲಿ ಹುಟ್ಟಿದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇರಿಸಿದರು. ಮುಂದಿನ ತಲೆಮಾರಿನ ಕಲಾವಿದ್ಯಾರ್ಥಿಗಳು ಹಳೆಯ ವರ್ಣಗಳನ್ನು ಕಣ್ಣಾರೆ ಕಾಣುವಂತಾದದ್ದು ಇದರಿಂದ.

ಕಡಿದ ಕೊಂಡಿ

1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನಿಂದ ಮೊದಲ ಕೃತಕ ನೇರಳೆ ತೆಗೆದ. 1869ರ ಹೊತ್ತಿಗೆ ಬೇರಿನ ಕೆಂಪಿಗೆ ಬದಲಾಗುವ ಕೃತಕ ಕೆಂಪು ಜರ್ಮನಿಯ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. 1897ರಲ್ಲಿ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಮೂರು ವರ್ಷ ಕಾದು ಬೇರು ಅಗೆಯುವ ರೈತ, ದಿನಗಟ್ಟಲೆ ನೂಲಿಗೆ ಎಣ್ಣೆ ಕುಡಿಸುವ ಬಣ್ಣಗಾರ, ಇಬ್ಬರಿಗೂ ಡಬ್ಬಿಯ ಪುಡಿಯ ಎದುರು ನಿಲ್ಲಲು ಆಗಲಿಲ್ಲ. ಅಗ್ಗದ ಬಣ್ಣ ಬಡ ನೇಕಾರನಿಗೆ ನಿಜವಾಗಿಯೂ ಅನುಕೂಲ ಮಾಡಿತು. ಅದನ್ನು ಮರೆತು ಹಳೆಯದನ್ನು ಹಾಡಿಹೊಗಳುವುದು ಸರಿಯಲ್ಲ. ಆದರೆ ಮಡ್ಡಿಯ ಹೊಲ, ನೀಲಿಯ ತೊಟ್ಟಿ, ನೀಲಗಾರರ ಗುಡಾಣ ಮೂರೂ ಒಟ್ಟಿಗೆ ಮುಚ್ಚಿದ್ದರಿಂದ ವಿದ್ಯೆಯನ್ನು ಮತ್ತೆ ಎತ್ತಿ ಕಟ್ಟಲು ಯಾವ ಎಳೆಯೂ ಉಳಿಯಲಿಲ್ಲ.

ಮರುಹುಟ್ಟು

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಸ್ವಾತಂತ್ರ್ಯದ ನಂತರ ಅಖಿಲ ಭಾರತ ಕರಕುಶಲ ಮಂಡಳಿಯ ನೇತೃತ್ವ ವಹಿಸಿ ಕೈಕಸುಬಿಗೆ ದೇಶದ ಮನ್ನಣೆ ತಂದರು. ಸಹಜ ಬಣ್ಣಕ್ಕೆ ಇನ್ನೊಂದು ನೂಕು ಸಿಕ್ಕಿದ್ದು 1990ರ ದಶಕದಲ್ಲಿ. ಆಜೋ ಎಂಬ ಗುಂಪಿನ ಕೆಲವು ಕೃತಕ ಬಣ್ಣಗಳು ಕ್ಯಾನ್ಸರಿಗೆ ಕಾರಣವಾಗುತ್ತವೆಂದು ಜರ್ಮನಿ ಅವನ್ನು ನಿಷೇಧಿಸಿತು. 1997ರಲ್ಲಿ ಭಾರತವೂ ಆ ದಾರಿ ಹಿಡಿಯಿತು.

ಕರ್ನಾಟಕದಲ್ಲಿ ಆ ದಶಕದ ದೊಡ್ಡ ಪ್ರಯೋಗ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯ ‘ಚರಕ’. ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ ಮೊದಲಾದ ಈ ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಊರಿನ ಬಣ್ಣವನ್ನೇ ಹುಡುಕಿತು. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಕಂದುಗೆಂಪು ಕೊಡುತ್ತದೆ, ಕಬ್ಬಿಣದ ನೀರು ಸೋಕಿದರೆ ಬೂದುಗಪ್ಪಿಗೆ ತಿರುಗುತ್ತದೆ. ಚರಕದ ಅಂಗಿ, ಜುಬ್ಬಗಳು ‘ದೇಸಿ’ ಅಂಗಡಿಗಳ ಮೂಲಕ ಊರೂರಿಗೆ ಹೋದವು. ಕನ್ನಡದ ಬರಹಗಾರರು, ರಂಗಕರ್ಮಿಗಳು, ಮೇಷ್ಟರುಗಳ ಮೈಮೇಲೆ ಅಡಿಕೆಯ ಬಣ್ಣ ಕಾಣತೊಡಗಿದ್ದು ಆಗಿನಿಂದ. ಪ್ರಸನ್ನ 2015ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಸತ್ಯಾಗ್ರಹ ನಡೆಸಿ, ಮುಂದೆ ಕೈಉತ್ಪನ್ನಗಳ ಮೇಲಿನ ತೆರಿಗೆಯ ವಿರುದ್ಧವೂ ಹೋರಾಡಿ ಬಣ್ಣ-ಬಟ್ಟೆಯ ಪ್ರಶ್ನೆಯನ್ನು ರಾಜಕೀಯದ ಅಂಗಳಕ್ಕೆ ತಂದರು.

ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸೇವಾ ಸಹಕಾರಿ ಸಂಘದಲ್ಲಿ ಉಡುಪಿ ಸೀರೆಗೆ ಸಹಜ ಬಣ್ಣ ಬಂದಿದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೂ ಸಹಜ ಬಣ್ಣದ ಬಟ್ಟೆ ಬಳಕೆಯಲ್ಲಿದೆ. ಶಿರಹಟ್ಟಿ, ಮುಂಡರಗಿ ತಾಂಡಾಗಳಲ್ಲೂ ಅದೇ ಹೊಲಿಗೆಯ ಕೈಗಳಿವೆ ಎಂಬುದನ್ನು ಜಿಲ್ಲೆಯ ಯೋಜನೆಗಳು ಗಮನಿಸಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇನ್ನೊಂದು ದಾರಿ ತೆರೆಯಿತು. ಅಲ್ಲಿ ಅಭಿವೃದ್ಧಿಯಾದ ಡಿ.ಡಿ.ಸಿ.ಸಿ.-1ರಂಥ ದೇಸಿ ತಳಿಗಳ ಅರಳೆ ಗಿಡದಲ್ಲೇ ಕಂದು. ಅದಕ್ಕೆ ಗುಡಾಣವೂ ಬೇಡ, ಪಟಿಕವೂ ಬೇಡ.

ಸಮಕಾಲೀನ ಕಲೆಯಲ್ಲಿ

ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರು ತೊಂಬತ್ತರ ದಶಕದಲ್ಲಿ ಎಣ್ಣೆಬಣ್ಣ ಬಿಟ್ಟು ಸಗಣಿ, ಕುಂಕುಮ, ಬೂದಿ, ದಾರಗಳತ್ತ ಹೊರಳಿದರು. ಅವರ 1998ರ ‘ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಕೃತಿಯಲ್ಲಿ ಸೂಜಿಗಳಿಗೆ ಪೋಣಿಸಿದ ನೂರಾರು ಮೀಟರ್ ದಾರ ಕುಂಕುಮ ಮತ್ತು ಅಂಟು ಹಚ್ಚಿಸಿಕೊಂಡು ಕೆಂಪು ಹುರಿಯಾಗಿ ನೆಲ, ಗೋಡೆಗಳ ಮೇಲೆ ಹರಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ನೂಲು, ಸೂಜಿ, ಕೆಂಪು ಮೂರೂ ಮನೆಯ ಹೆಣ್ಣಿನ ದುಡಿಮೆಯ ಸಾಮಗ್ರಿಗಳು. ಬಣ್ಣ ಇಲ್ಲಿ ಆಕೃತಿಯೊಂದನ್ನು ತುಂಬಲು ಬಂದಿಲ್ಲ, ತನ್ನದೇ ಸಾಮಾಜಿಕ ಚರಿತ್ರೆಯನ್ನು ಹೊತ್ತು ಬಂದಿದೆ. ಸಹಜ ಬಣ್ಣಗಳು ಕರ್ನಾಟಕದ ಸಮಕಾಲೀನ ಕಲೆಗೆ ಕೊಟ್ಟ ದೊಡ್ಡ ಕಾಣಿಕೆ ಈ ಮನೋಭಾವ ಎಂಬುದು ಈ ಲೇಖಕನ ತೀರ್ಮಾನ.

ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರ ಇದೇ ಕಾಲಕ್ಕೆ ಮಣ್ಣಿನ ಗೋಡೆಯಿಂದ ಕಾಗದಕ್ಕೆ, ಬಟ್ಟೆಗೆ, ಗ್ಯಾಲರಿಗೆ ಬಂತು. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ ಅದರ ಸಾಮಗ್ರಿ. ಹೊರಗಿನ ಜಗತ್ತಿನಲ್ಲೂ ಹೀಗೆಯೇ: ಮಾಲಿ ದೇಶದ ಅಬೂಬಕರ್ ಫೊಫಾನಾ ನೀಲಿ ಗುಡಾಣದ ವಿದ್ಯೆಯನ್ನೇ ತಮ್ಮ ಕಲೆಯ ಮಾಧ್ಯಮ ಮಾಡಿಕೊಂಡು 2017ರ ಡಾಕ್ಯುಮೆಂಟಾ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಭಾಗವಹಿಸಿದರು.

ತೊಡಕುಗಳು ಸಣ್ಣವಲ್ಲ. ಗಿಡದ ಬಣ್ಣವೆಂದ ಮಾತ್ರಕ್ಕೆ ನಿರಪಾಯವೆಂದಲ್ಲ. ಹೊಳಪಿಗಾಗಿ ಕ್ರೋಮಿಯಂ ಲವಣ ಬೆರೆಸಿದರೆ ಹೊರಬಿಟ್ಟ ನೀರು ವಿಷವೇ. ಒಂದು ಕಿಲೋ ನೂಲಿಗೆ ಅಷ್ಟೇ ತೂಕದ, ಕೆಲವೊಮ್ಮೆ ಅದಕ್ಕೂ ಹೆಚ್ಚು ತೂಕದ ಬಣ್ಣದ ವಸ್ತು ಬೇಕು. ತೊಳೆಯಲು ನೀರೂ ಬಹಳ ಬೇಕು. ಬರದ ಜಿಲ್ಲೆಯಲ್ಲಿ ಇದು ಲಘುವಾದ ಲೆಕ್ಕವಲ್ಲ. ಬೆಲೆ ಏರಿದಾಗ ಸೀರೆ ನೇಯ್ದವಳೇ ಅದನ್ನು ಉಡಲಾಗದ ಸ್ಥಿತಿ ಬರುತ್ತದೆ. ಗ್ಯಾಲರಿಯ ಗೋಡೆಯ ಮೇಲೆ ಕಲಾವಿದರ ಹೆಸರಿರುತ್ತದೆ, ಅಂಗಡಿಯ ಚೀಟಿಯ ಮೇಲೆ ವಿನ್ಯಾಸಕರ ಹೆಸರಿರುತ್ತದೆ. ಗುಡಾಣದ ಹದ ಕಾದವರ ಹೆಸರು ಎರಡೂ ಕಡೆ ಇರುವುದಿಲ್ಲ. ಮೈಸೂರು ಚಿತ್ರಕಲೆಗೂ ಕಿನ್ನಾಳದ ಗೊಂಬೆಗೂ ಸಂಡೂರಿನ ಕಸೂತಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದು ಊರಿಗೂ ಉತ್ಪನ್ನಕ್ಕೂ ಸಲ್ಲುವ ರಕ್ಷಣೆ. ನೀಲಗಾರಿಕೆಯಂಥ ನಡುವಿನ ಕಸುಬಿಗೆ ಅದರಲ್ಲಿ ಬೇರೆಯ ಜಾಗವಿಲ್ಲ.

ಶಿಗ್ಲಿಯ ಮಟ್ಟಿಗೆ ಸಾಮಗ್ರಿಗೆ ಕೊರತೆಯಿಲ್ಲ. ತಗಚೆ ಮಳೆಗಾಲದಲ್ಲಿ ತಾನಾಗಿ ಹುಟ್ಟುತ್ತದೆ, ತಂಗಡಿ ಗುಡ್ಡದ ಅಡಿಯಲ್ಲಿದೆ, ದಾಳಿಂಬೆ ಸಿಪ್ಪೆ ಸಂತೆಯಲ್ಲಿ ಎಸೆಯುವ ಕಸ, ಕುಸುಬೆ ಹೊಲದಲ್ಲೇ ಇದೆ, ಕಂದು ಹತ್ತಿಯ ಬೀಜ ಧಾರವಾಡದಲ್ಲಿದೆ. ಉಳಿದ ಕೈಮಗ್ಗದ ಮನೆಗಳಿಗೆ ಲಡಿ ನೂಲು ಕೊಡುವ ಸಹಕಾರ ಸಂಘದ ಅಂಗಳದಲ್ಲಿ ಒಂದು ಬಣ್ಣದ ಮನೆ, ಬಳಸಿದ ನೀರನ್ನು ಸೋಸಿ ಮತ್ತೆ ಬಳಸುವ ಒಂದು ತೊಟ್ಟಿ, ಭೀಮನಕೋಣೆಯಂಥ ಕಡೆ ಪಳಗಿದವರಿಂದ ಒಂದಷ್ಟು ತಿಂಗಳ ತರಬೇತಿ ಸಿಕ್ಕರೆ ಕೆಲಸ ಮೊದಲಾಗುತ್ತದೆ. ಮೊದಲಿಗೆ ದಾಳಿಂಬೆಯ ಹಳದಿ, ಕಬ್ಬಿಣದ ಕಪ್ಪು ಸಾಕು; ನೀಲಿಯ ಗುಡಾಣಕ್ಕೆ ಕೈ ಪಳಗಲು ವರ್ಷಗಳು ಹಿಡಿಯುತ್ತವೆ.